ಸುರುಳಿ ಸುತ್ತಿದ ಹಾಲೋ ಫೈಬರ್ ಪೊರೆಯಿಂದ ಹೆಚ್ಚು ಶೋಧನೆ ಪಡೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಾಲೋ ಫೈಬರ್ ಪೊರೆಯನ್ನು (ಗೋಡೆಯೇ ನೀರನ್ನು ಸೋಸುವ, ಒಳಗೆ ಟೊಳ್ಳಾದ ಎಳೆಯನ್ನು) ಒಂದು ಕಂಬಿಗೆ ಸುತ್ತಿ, ಒಳಗೆ ಕಲಕು ನೀರು ಹರಿಸಿ, ಕೊನೆಗೆ ‘ನೇರ ಫೈಬರಿಗಿಂತ ಹೆಚ್ಚೇನೂ ಬರಲಿಲ್ಲ’ ಎಂದು ಕೈಬಿಡುವವರು ಬಹುಮಟ್ಟಿಗೆ ಒಂದೇ ಬಗೆಯ ತಪ್ಪುಗಳಲ್ಲಿ ಸಿಕ್ಕಿಕೊಂಡಿರುತ್ತಾರೆ. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಿಗೂ, ಗದಗ ಮತ್ತು ಹಾವೇರಿಯ ಕಡೆ ಸಣ್ಣ ಶೋಧನಾ ಘಟಕ ನಡೆಸುವವರ ಪ್ರಯೋಗಗಳಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ. ಆದ್ದರಿಂದ ಇಲ್ಲಿ ಕೆಲಸದ ಕ್ರಮ, ಬೇಕಾಗುವ ಸಾಮಗ್ರಿ ಮತ್ತು ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನಷ್ಟೇ ಬರೆದಿದೆ.

ತತ್ವವನ್ನು ಇಷ್ಟು ತಿಳಿದಿದ್ದರೆ ಸಾಕು. ಬಾಗಿದ ನಳಿಕೆಯಲ್ಲಿ ನಡುವಿನ ವೇಗದ ನೀರು ಕೇಂದ್ರಾಪಗಾಮಿ ಬಲದಿಂದ ಹೊರಗೋಡೆಯತ್ತ ಸರಿಯುತ್ತದೆ; ಅಲ್ಲಿಂದ ಗೋಡೆಗುಂಟ ಎರಡೂ ಬದಿಯಿಂದ ಒಳಗೋಡೆಗೆ ಮರಳುತ್ತದೆ. ಹೀಗೆ ಮುಖ್ಯ ಹರಿವಿಗೆ ಅಡ್ಡವಾಗಿ, ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಸುಳಿಗಳು ಹುಟ್ಟುತ್ತವೆ. ಡೀನ್ ಸುಳಿಗಳೆಂದು ಕರೆಯಲಾಗುವ ಈ ದ್ವಿತೀಯಕ ಹರಿವು ಪೊರೆಯ ಮೇಲೆ ಕೂಡುವ ಕಣಗಳನ್ನು ಎತ್ತಿ ನಡುವಿನ ಹರಿವಿಗೆ ಒಯ್ಯುತ್ತದೆ. ಪೊರೆಯ ರಂಧ್ರದೊಳಗೆ ಹೊಕ್ಕು ಕುಳಿತ ಕಣವನ್ನಾಗಲಿ, ಪೊರೆಯ ವಸ್ತುವಿಗೇ ಅಂಟಿಕೊಂಡ ಸಾವಯವ ಪದಾರ್ಥವನ್ನಾಗಲಿ ಅದು ಕೀಳಲಾರದು.

ಹಂತ 1: ನಿಮ್ಮ ತೊಂದರೆಗೆ ಇದು ಮದ್ದೇ ಎಂದು ಮೊದಲು ಪರೀಕ್ಷಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಸುತ್ತುವ ಕೆಲಸಕ್ಕೆ ಕೈಹಾಕುವ ಮುನ್ನ, ಈಗಿರುವ ನೇರ ಫೈಬರಿನಲ್ಲಿಯೇ ಮೂರು ಅಳತೆಗಳನ್ನು ತೆಗೆಯಿರಿ: ಹೊಸ ಪೊರೆಯ ಶುದ್ಧ ನೀರಿನ ಫ್ಲಕ್ಸ್ (ಪೊರೆಯ ಪ್ರತಿ ಚದರ ಮೀಟರಿನಿಂದ ಗಂಟೆಗೆ ಸೋಸಿ ಬರುವ ನೀರು), ಕಲಕು ನೀರು ಹರಿಸಿದಾಗ ಸ್ಥಿರಗೊಂಡ ಫ್ಲಕ್ಸ್, ಹಾಗೂ ಆಮೇಲೆ ಪರ್ಮಿಯೇಟ್ (ಸೋಸಿ ಹೊರಬರುವ ನೀರು) ಕವಾಟ ಮುಚ್ಚಿ ಬರಿಯ ನೀರಿನಿಂದ ಹತ್ತು ನಿಮಿಷ ತೊಳೆದ ಬಳಿಕ ಮತ್ತೊಮ್ಮೆ ಶುದ್ಧ ನೀರಿನ ಫ್ಲಕ್ಸ್. ಪೊರೆಯ ಎರಡು ಬದಿಗಳ ನಡುವಿನ ಒತ್ತಡದ ವ್ಯತ್ಯಾಸವನ್ನು (ಮುಂದೆ ಇದನ್ನು ಟಿಎಂಪಿ ಎನ್ನೋಣ) ಸ್ನಿಗ್ಧತೆ ಮತ್ತು ಫ್ಲಕ್ಸ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಒಟ್ಟು ಪ್ರತಿರೋಧ ಸಿಗುತ್ತದೆ. ಮೊದಲನೆಯ ಅಳತೆ ಪೊರೆಯದೇ ಪ್ರತಿರೋಧವನ್ನು ಕೊಡುತ್ತದೆ. ಮೂರನೆಯದಕ್ಕೂ ಮೊದಲನೆಯದಕ್ಕೂ ಇರುವ ವ್ಯತ್ಯಾಸ ಒಳಹೊಕ್ಕು ಕೂತ ಕೊಳೆಯದು, ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಮೇಲೆ ಕೂತ ಪದರದ್ದು.

ತೊಳೆದ ಕೂಡಲೇ ಫ್ಲಕ್ಸ್ ಬಹುಪಾಲು ಹಿಂತಿರುಗಿದರೆ ಪ್ರತಿರೋಧ ಮೇಲಿನ ಪದರದಲ್ಲಿದೆ. ಸುರುಳಿಯಿಂದ ಲಾಭ ನಿರೀಕ್ಷಿಸಬಹುದು. ಹಿಂತಿರುಗದಿದ್ದರೆ ಎಷ್ಟು ಬಿಗಿಯಾಗಿ ಸುತ್ತಿದರೂ ವ್ಯರ್ಥ. ನೀವು ನೋಡಬೇಕಾದದ್ದು ರಂಧ್ರದ ಗಾತ್ರ, ಪೊರೆಯ ವಸ್ತು ಮತ್ತು ಪೂರ್ವ ಸಂಸ್ಕರಣೆಯನ್ನು.

ಇನ್ನೆರಡು ಸ್ಪಷ್ಟೀಕರಣಗಳು. ಗದಗ ಜಿಲ್ಲೆಯ, ವಿಶೇಷವಾಗಿ ಮುಂಡರಗಿ ಭಾಗದ, ಬೋರ್‌ವೆಲ್ ನೀರಿನ ಫ್ಲೋರೈಡ್ ಕರಗಿದ ಅಯಾನು. ಅದು ಇಂಥ ಅಲ್ಟ್ರಾಫಿಲ್ಟ್ರೇಷನ್ (ಸೂಕ್ಷ್ಮ ಕಣಗಳನ್ನು ತಡೆಯುವ) ಪೊರೆಯ ಮೂಲಕ ನೀರಿನೊಂದಿಗೇ ದಾಟಿಹೋಗುತ್ತದೆ. ಫೈಬರನ್ನು ಬಾಗಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ, ಅದಕ್ಕೆ ಆರ್‌ಓ ಅಥವಾ ಅಧಿಶೋಷಕಗಳೇ (ಫ್ಲೋರೈಡನ್ನು ಮೈಗೆ ಹಿಡಿದುಕೊಳ್ಳುವ ವಸ್ತುಗಳು) ಬೇಕು. ಎರಡನೆಯದು, ‘ಆರ್‌ಓ ಮೆಂಬ್ರೇನ್ ಈಗಾಗಲೇ ಸುರುಳಿಯಲ್ಲವೇ’ ಎಂಬ ಪ್ರಶ್ನೆ. ಅದರ ಹಾಳೆ ಸುರುಳಿಯಾಗಿದ್ದರೂ ಫೀಡ್ ನೀರು (ಸೋಸಬೇಕಾದ ನೀರು) ಹರಿಯುವುದು ಕೊಳವೆಯ ಉದ್ದಕ್ಕೆ, ನೇರವಾಗಿ. ಅಲ್ಲಿ ಕಲಕುವ ಕೆಲಸ ಮಾಡುವುದು ನಡುವಿನ ಜಾಲರಿ. ಈ ಮಾರ್ಗದರ್ಶಿ ಅದಕ್ಕೆ ಸಂಬಂಧಿಸಿದ್ದಲ್ಲ.

ಹಂತ 2: ಕಾಗದದ ಮೇಲೆ ಲೆಕ್ಕ ಮುಗಿಸಿ

ಸುರುಳಿಯ ಬಿಗುವನ್ನು ಕಣ್ಣಂದಾಜಿನಿಂದ ನಿರ್ಧರಿಸಬಾರದು. ನಿರ್ಣಾಯಕ ಸಂಖ್ಯೆ ಡೀನ್ ಸಂಖ್ಯೆ: ರೇನಾಲ್ಡ್ಸ್ ಸಂಖ್ಯೆಯನ್ನು (ವೇಗ, ಒಳವ್ಯಾಸ ಮತ್ತು ದ್ರವದ ಸಾಂದ್ರತೆಗಳ ಗುಣಲಬ್ಧವನ್ನು ಸ್ನಿಗ್ಧತೆಯಿಂದ ಭಾಗಿಸಿದ್ದು), ಫೈಬರಿನ ಒಳವ್ಯಾಸವನ್ನು ಸುರುಳಿಯ ವ್ಯಾಸದಿಂದ ಭಾಗಿಸಿ ಪಡೆದ ಅನುಪಾತದ ವರ್ಗಮೂಲದಿಂದ ಗುಣಿಸಿದರೆ ಅದು ಸಿಗುತ್ತದೆ. ಸುರುಳಿಯ ವ್ಯಾಸವೆಂದರೆ ಕಂಬಿಯ ವ್ಯಾಸವಲ್ಲ, ಕಂಬಿಯ ವ್ಯಾಸಕ್ಕೆ ಫೈಬರಿನ ಹೊರವ್ಯಾಸವನ್ನು ಕೂಡಿಸಿದ್ದು. ಕೆಲವು ಪ್ರಬಂಧಗಳಲ್ಲಿ ಸುರುಳಿಯ ವ್ಯಾಸದ ಬದಲು ತ್ರಿಜ್ಯವನ್ನು ಬಳಸಿರುತ್ತಾರೆ. ಆಗ ಅದೇ ಸುರುಳಿಗೆ ಸಂಖ್ಯೆ 1.41 ಪಟ್ಟು ದೊಡ್ಡದಾಗಿ ಬರುತ್ತದೆ. ಬೇರೆಯವರ ಫಲಿತಾಂಶದೊಡನೆ ಹೋಲಿಸುವ ಮುನ್ನ ಇದನ್ನು ನೋಡಿಕೊಳ್ಳಿ.

ಉದಾಹರಣೆಗೆ ಒಳವ್ಯಾಸ 0.8 ಮಿ.ಮೀ., ಹೊರವ್ಯಾಸ 1.3 ಮಿ.ಮೀ. ಇರುವ ಫೈಬರಿನಲ್ಲಿ 27 ಡಿಗ್ರಿ ಸೆಲ್ಸಿಯಸ್‌ನ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುತ್ತಿದೆ ಎನ್ನಿ. ಇದು ನಿಮಿಷಕ್ಕೆ ಸುಮಾರು 30 ಮಿ.ಲೀ. ಹರಿವು, ರೇನಾಲ್ಡ್ಸ್ ಸಂಖ್ಯೆ ಸುಮಾರು 940. 10 ಮಿ.ಮೀ. ಕಂಬಿಗೆ ಸುತ್ತಿದರೆ ಡೀನ್ ಸಂಖ್ಯೆ ಸುಮಾರು 250 ಆಗುತ್ತದೆ. ಅದೇ ಫೈಬರನ್ನು 60 ಮಿ.ಮೀ. ಪೈಪಿಗೆ ಸುತ್ತಿದರೆ ಸುಮಾರು 107ಕ್ಕೆ ಇಳಿಯುತ್ತದೆ. ವೇಗವನ್ನೂ ಕಾಲುಭಾಗಕ್ಕೆ ಇಳಿಸಿದರೆ 27 ಮಾತ್ರ ಉಳಿಯುತ್ತದೆ. ಕೈಗೆ ಸಿಕ್ಕ ಪಿವಿಸಿ ಪೈಪಿನ ತುಂಡಿಗೆ ಸುತ್ತಿ, ಪಂಪನ್ನು ನಿಧಾನಕ್ಕೆ ಓಡಿಸಿ, ಲಾಭ ಕಾಣಲಿಲ್ಲ ಎನ್ನುವವರ ತೊಡಕು ಇಲ್ಲಿದೆ: ಅಲ್ಲಿ ಸುಳಿ ಇರುತ್ತದೆ, ಆದರೆ ಪದರವನ್ನು ಎತ್ತುವಷ್ಟು ಬಲವಾಗಿರುವುದಿಲ್ಲ.

ಸುಳಿ ಪುಕ್ಕಟೆಯಾಗಿ ಸಿಗುವುದಿಲ್ಲ. ಸುರುಳಿಯಲ್ಲಿ ಒತ್ತಡನಷ್ಟ ನೇರ ಫೈಬರಿಗಿಂತ ಹೆಚ್ಚು: ಪದರಹರಿವಿನಲ್ಲಿ (ಲ್ಯಾಮಿನಾರ್, ಅಂದರೆ ಪ್ರಕ್ಷುಬ್ಧವಲ್ಲದ ಹರಿವಿನಲ್ಲಿ) ಡೀನ್ ಸಂಖ್ಯೆ 25 ಇದ್ದಾಗ ಸುಮಾರು ಶೇ. 7, 50ಕ್ಕೆ ಸುಮಾರು ಶೇ. 25, 100ಕ್ಕೆ ಸುಮಾರು ಶೇ. 53, 250ಕ್ಕೆ ನೇರ ಫೈಬರಿನ ನಷ್ಟದ ಸುಮಾರು 2.1 ಪಟ್ಟು. ನನ್ನ ಅಭಿಪ್ರಾಯದಲ್ಲಿ ಮೊದಲ ಪ್ರಯೋಗಕ್ಕೆ 100ರಿಂದ 250ರ ನಡುವಿನ ಗುರಿ ಸೂಕ್ತ.

ಫೈಬರಿನ ಉದ್ದವನ್ನು ನಿರ್ಧರಿಸುವುದೂ ಈ ನಷ್ಟವೇ. ಮೇಲಿನ ಫೈಬರು 1 ಮೀಟರ್ ಉದ್ದವಿದ್ದರೆ ನೇರವಾಗಿ 0.43 ಬಾರ್, 10 ಮಿ.ಮೀ. ಸುರುಳಿಯಲ್ಲಿ ಸುಮಾರು 0.9 ಬಾರ್ ಕಳೆದುಹೋಗುತ್ತದೆ. ಸರಾಸರಿ ಟಿಎಂಪಿ 0.5 ಬಾರ್ ಇಟ್ಟುಕೊಂಡರೆ ಒಳಬಾಯಿಯಲ್ಲಿ ಪೊರೆ ಅತಿಯಾಗಿ ಒತ್ತಿಸಿಕೊಳ್ಳುತ್ತದೆ, ಹೊರಬಾಯಿಯ ಬಳಿ ಶೋಧನೆಯೇ ನಡೆಯುವುದಿಲ್ಲ. 40 ಸೆಂ.ಮೀ.ಗೆ ಇಳಿಸಿದರೆ ಈ ಅಂಕಿಗಳು 0.17 ಮತ್ತು 0.36 ಬಾರ್ ಆಗುತ್ತವೆ. ಇಷ್ಟರಲ್ಲಿ ಹನ್ನೊಂದು ಸುತ್ತು ಸಿಗುತ್ತದೆ. ದ್ವಿತೀಯಕ ಹರಿವು ಮೊದಲ ಒಂದೆರಡು ಸುತ್ತಿನಲ್ಲೇ ರೂಪುಗೊಳ್ಳುವುದರಿಂದ ಅದು ಧಾರಾಳ.

ಸುತ್ತುಗಳ ನಡುವಿನ ಅಂತರವನ್ನೂ ಮರೆಯಬಾರದು. ಅಂತರ 5 ಮಿ.ಮೀ. ಇದ್ದರೆ ಪರಿಣಾಮ ನಗಣ್ಯ. ಅದೇ 36 ಮಿ.ಮೀ.ಗೆ ಎಳೆದು ಸುತ್ತಿದರೆ ಸುರುಳಿಯ ಪರಿಣಾಮಕಾರಿ ವ್ಯಾಸ ಎರಡು ಪಟ್ಟಾಗಿ, ಡೀನ್ ಸಂಖ್ಯೆ 250ರಿಂದ ಸುಮಾರು 175ಕ್ಕೆ ಕುಸಿಯುತ್ತದೆ.

ಫೈಬರಿನ ಬದಲು ಎರಡು ಹಾಳೆಗಳ ನಡುವಿನ ಅಗಲವಾದ ಬಾಗಿದ ಸಂದಿಯನ್ನು ಬಳಸುವವರಿಗೆ ಒಂದು ಮಾತು: ದುಂಡನೆಯ ನಳಿಕೆಯಲ್ಲಿ ದ್ವಿತೀಯಕ ಹರಿವು ಯಾವ ವೇಗದಲ್ಲೂ ಅಲ್ಪಸ್ವಲ್ಪ ಇರುತ್ತದೆ, ಆದರೆ ಅಗಲವಾದ ಸಂದಿಯಲ್ಲಿ, ಸಂದಿಯ ಎತ್ತರ ಮತ್ತು ಬಾಗಿನ ತ್ರಿಜ್ಯದಿಂದ ಲೆಕ್ಕಹಾಕಿದ ಡೀನ್ ಸಂಖ್ಯೆ ಸುಮಾರು 36 ದಾಟುವವರೆಗೆ ಸುಳಿಗಳು ಹುಟ್ಟುವುದೇ ಇಲ್ಲ.

ಹಂತ 3: ಸಾಮಗ್ರಿ ಹೊಂದಿಸಿಕೊಳ್ಳಿ

ಒಳಗಿನಿಂದ ಹೊರಗೆ ಶೋಧಿಸುವ ಹಾಲೋ ಫೈಬರ್ ಬೇಕು. ಹೊರಗಿನಿಂದ ಒಳಗೆ ಶೋಧಿಸುವ ಫೈಬರಿನಲ್ಲಿ ಕೊಳೆ ಕೂರುವುದು ಹೊರಮೈಯಲ್ಲಿ, ಸುಳಿ ಇರುವುದು ಒಳಗೆ. ಎರಡಕ್ಕೂ ಭೇಟಿಯೇ ಇಲ್ಲ. ಒಂದು ಬಾಯಿ ಮುಚ್ಚಿದ ಡೆಡ್-ಎಂಡ್ ಜೋಡಣೆಯೂ ಸಲ್ಲದು.

10 ಮಿ.ಮೀ.ನ ಅಕ್ರಿಲಿಕ್ ಅಥವಾ ಸ್ಟೀಲ್ ಕಂಬಿಗೆ ಆಳವಿಲ್ಲದ ಸುರುಳಿಯಾಕಾರದ ತೋಡು ಕೊರೆಸಿದರೆ ಸುತ್ತುವುದು ಸುಲಭ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಂಥ ಕಡೆ ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲೂ ಇದನ್ನು ಮಾಡಿಸಬಹುದು. ಇದರ ಜೊತೆಗೆ ಫೈಬರನ್ನು ಒಳಗಿಡಲು ಪಾರದರ್ಶಕ ಕೊಳವೆ, ತುದಿಗಳನ್ನು ಕೂರಿಸಲು ಎಪಾಕ್ಸಿ, ಪುಶ್-ಫಿಟ್ ಕನೆಕ್ಟರುಗಳು, ಸೂಜಿ ಕವಾಟಗಳು, ಥರ್ಮಾಮೀಟರ್, 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. 40 ಸೆಂ.ಮೀ. ಫೈಬರಿನ ಒಳಮೈ ಕೇವಲ 10 ಚದರ ಸೆಂ.ಮೀ.; ಗಂಟೆಗೆ ಚದರ ಮೀಟರಿಗೆ 60 ಲೀಟರ್ ಫ್ಲಕ್ಸ್ ಇದ್ದರೂ ನಿಮಿಷಕ್ಕೆ ಒಂದೇ ಮಿ.ಲೀ. ಬರುವುದರಿಂದ ಅಳತೆ ಜಾಡಿಯಲ್ಲಿ ಓದಿದರೆ ಏನೂ ತಿಳಿಯದು, ತೂಗಲೇಬೇಕು.

ಒತ್ತಡಮಾಪಕದಲ್ಲಿ ಜಿಪುಣತನ ಬೇಡ. ಆರ್‌ಓ ಯಂತ್ರದ 0–10 ಬಾರ್ ಮಾಪಕದಲ್ಲಿ 0.1 ಬಾರ್ ವ್ಯತ್ಯಾಸ ಕಾಣುವುದೇ ಇಲ್ಲ. ಪೂರ್ಣಮಾನ 1 ಅಥವಾ 1.6 ಬಾರ್ ಇರುವ ಮಾಪಕಗಳನ್ನು ಒಳಬಾಯಿ, ಹೊರಬಾಯಿ ಎರಡಕ್ಕೂ ಹಾಕಿ.

ಪಂಪಿನ ವಿಷಯದಲ್ಲೂ ಎಚ್ಚರ ಬೇಕು. ಮನೆಬಳಕೆಯ ಆರ್‌ಓದ ಡಯಾಫ್ರಾಂ ಪಂಪು ನೀರನ್ನು ಮಿಡಿಯುತ್ತಾ ತಳ್ಳುತ್ತದೆ. ಆ ಮಿಡಿತವೂ ಪದರವನ್ನು ಕದಲಿಸುವುದರಿಂದ ಲಾಭ ಸುರುಳಿಯದೋ ಮಿಡಿತದ್ದೋ ಗೊತ್ತಾಗುವುದಿಲ್ಲ. ಗೇರ್ ಪಂಪು ಉತ್ತಮ. ಅದಿಲ್ಲದಿದ್ದರೆ ಪಂಪಿನ ಮುಂದೆ ಗಾಳಿ ತುಂಬಿದ ಸಣ್ಣ ಒತ್ತಡ ಪಾತ್ರೆ ಜೋಡಿಸಿ, ಮಾಪಕದ ಮುಳ್ಳು ನಡುಗದಂತೆ ಮಾಡಿ. ಹೆಚ್ಚುವರಿ ಹರಿವು ಬೈಪಾಸ್ ಕವಾಟದಿಂದ ತೊಟ್ಟಿಗೆ ಮರಳಲಿ.

ಹಂತ 4: ಸುತ್ತುವುದು ಮತ್ತು ತುದಿ ಕೂರಿಸುವುದು

ಒಂದೇ ಕಟ್ಟಿನಿಂದ ಕನಿಷ್ಠ ಆರು ಫೈಬರುಗಳನ್ನು ತೆಗೆದುಕೊಂಡು, ಮೂರನ್ನು ನೇರವಾಗಿಯೂ ಮೂರನ್ನು ಸುರುಳಿಯಾಗಿಯೂ ಸಿದ್ಧಪಡಿಸಿ. ಒಣಗಿದ ಫೈಬರನ್ನು ಸುತ್ತಿದರೆ ಬಿರುಕು ಬಿಡುತ್ತದೆ. ಗ್ಲಿಸರಿನ್ ಇರುವಾಗಲೇ ಅಥವಾ ಒದ್ದೆಯಿರುವಾಗಲೇ ಸುತ್ತಬೇಕು. ಎಳೆತ ಸುರುಳಿ ಜಾರದಿರುವಷ್ಟು ಇದ್ದರೆ ಸಾಕು. ಜೋರಾಗಿ ಎಳೆದರೆ ಫೈಬರಿನ ದುಂಡು ಕೆಟ್ಟು ಚಪ್ಪಟೆಯಾಗುತ್ತದೆ, ಆ ಬಳಿಕದ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಎರಡೂ ತುದಿಯಲ್ಲಿ ಸಮಾನ ಉದ್ದದ ನೇರ ಭಾಗ ಬಿಡಿ.

ಎಪಾಕ್ಸಿ ಹಚ್ಚುವ ಮೊದಲು ತುದಿಗಳ ಗ್ಲಿಸರಿನ್ ಮತ್ತು ತೇವ ತೆಗೆಯಬೇಕು, ಇಲ್ಲದಿದ್ದರೆ ಅದು ಹಿಡಿಯುವುದಿಲ್ಲ. ತೀರಾ ತೆಳುವಾದ ಎಪಾಕ್ಸಿ ಫೈಬರಿನ ಗೋಡೆಗುಂಟ ಮೇಲೇರಿ ಪೊರೆಯ ಒಂದು ಭಾಗವನ್ನೇ ಮುಚ್ಚಿಬಿಡುತ್ತದೆ. ಸ್ವಲ್ಪ ಗಟ್ಟಿಯಾಗತೊಡಗಿದ ಮೇಲೆ ಸುರಿಯಿರಿ. ಪೂರ್ತಿ ಗಟ್ಟಿಯಾದ ನಂತರವಷ್ಟೇ ಹೊಸ ಬ್ಲೇಡಿನಿಂದ ಒಂದೇ ಏಟಿಗೆ ತುದಿ ಕತ್ತರಿಸಿ, ರಂಧ್ರ ತೆರೆದಿದೆಯೇ ಎಂದು ಮಸೂರದಲ್ಲಿ ನೋಡಿ.

ಹಂತ 5: ಹಿಸುಕಿದೆಯೇ, ಸೋರುತ್ತಿದೆಯೇ ಎಂಬ ಪರೀಕ್ಷೆ

ಈ ಪರೀಕ್ಷೆಗೆ ಪಂಪು ಬೇಡ. ಡೀನ್ ಸಂಖ್ಯೆ ಸುಮಾರು 11ಕ್ಕಿಂತ ಕಡಿಮೆ ಇದ್ದಾಗ ಸುರುಳಿಯ ಒತ್ತಡನಷ್ಟ ನೇರ ಫೈಬರಿನಷ್ಟೇ ಇರುತ್ತದೆ. ಆದ್ದರಿಂದ ನೀರಿನ ಬಾಟಲಿಯನ್ನು ಹೊರಬಾಯಿಗಿಂತ ಏಳೆಂಟು ಸೆಂ.ಮೀ. ಎತ್ತರದಲ್ಲಿ ಇಟ್ಟು, ಪರ್ಮಿಯೇಟ್ ಬದಿಯಲ್ಲಿ ನೀರು ತುಂಬಿ ಮುಚ್ಚಿ, ನೇರ ಮತ್ತು ಸುರುಳಿ ಫೈಬರುಗಳಲ್ಲಿ 10 ಮಿ.ಲೀ. ಹರಿಯಲು ಹಿಡಿಯುವ ಸಮಯವನ್ನು ಹೋಲಿಸಿ. ನಮ್ಮ ಉದಾಹರಣೆಯ ಫೈಬರಿಗೆ ಇದು ಏಳೆಂಟು ನಿಮಿಷ. ಸುರುಳಿಯಲ್ಲಿ ಸಮಯ ಗಣನೀಯವಾಗಿ ಹೆಚ್ಚಿದ್ದರೆ ಎಲ್ಲೋ ಮಡಿಕೆ ಬಿದ್ದಿದೆ ಅಥವಾ ಚಪ್ಪಟೆಯಾಗಿದೆ. ಒತ್ತಡನಷ್ಟ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ ಕಣ್ಣಿಗೆ ಕಾಣದ ಹಿಸುಕನ್ನೂ ಈ ಪರೀಕ್ಷೆ ಹಿಡಿಯುತ್ತದೆ. ಅಂಥ ಫೈಬರನ್ನು ತೆಗೆದುಹಾಕಿ, ಸರಿಪಡಿಸಲು ಹೋಗಬೇಡಿ.

ಸೋರಿಕೆಗೆ, ಒದ್ದೆ ಫೈಬರನ್ನು ನೀರಿನಲ್ಲಿ ಮುಳುಗಿಸಿ ಒಳಗಿನಿಂದ ತಯಾರಕರು ಹೇಳಿದ ಮಿತಿಯೊಳಗಿನ ಗಾಳಿ ಒತ್ತಡ ಕೊಡಿ. ಒಂದೇ ಜಾಗದಿಂದ ಸಾಲುಗುಳ್ಳೆ ಎದ್ದರೆ ಅದು ತೂತು.

ಹಂತ 6: ಶುದ್ಧ ನೀರಿನ ಫ್ಲಕ್ಸ್ ಮತ್ತು ತಾಪಮಾನದ ತಿದ್ದುಪಡಿ

ಇದಕ್ಕೆ ಆರ್‌ಓ ಪರ್ಮಿಯೇಟ್ ಅಥವಾ ಡಿಸ್ಟಿಲ್ಡ್ ವಾಟರ್ ಬಳಸಿ. ಗಡಸು ಬೋರ್‌ವೆಲ್ ನೀರಿನಿಂದ ಅಳೆದರೆ ಆರಂಭದಲ್ಲೇ ಸುಣ್ಣದಂಶ ಕಟ್ಟತೊಡಗುತ್ತದೆ. ಪ್ರತಿ ಫೈಬರನ್ನೂ ಮೂರು ಬೇರೆ ಬೇರೆ ಒತ್ತಡದಲ್ಲಿ ಅಳೆದು, ಬಿಂದುಗಳು ಸೊನ್ನೆಯ ಮೂಲಕ ಹಾಯುವ ಸರಳರೇಖೆಯ ಮೇಲೆ ಬರುತ್ತವೆಯೇ ನೋಡಿ. ಬಾರದಿದ್ದರೆ ಗಾಳಿಗುಳ್ಳೆ ಸಿಕ್ಕಿಕೊಂಡಿದೆ ಅಥವಾ ಮಾಪಕ ತಪ್ಪು ತೋರಿಸುತ್ತಿದೆ. ಸುರುಳಿಯ ಮತ್ತು ನೇರ ಫೈಬರಿನ ಶುದ್ಧ ನೀರಿನ ಫ್ಲಕ್ಸ್ ಒಂದೇ ಟಿಎಂಪಿಯಲ್ಲಿ ಸರಿಸುಮಾರು ಒಂದೇ ಇರಬೇಕು, ಏಕೆಂದರೆ ಎತ್ತಲು ಅಲ್ಲಿ ಪದರವೇ ಇಲ್ಲ. ಇಲ್ಲಿಯೇ ಸುರುಳಿ ‘ಗೆದ್ದರೆ’ ಸಂತೋಷಪಡಬೇಡಿ, ಸೋರಿಕೆ ಹುಡುಕಿ. ಒಂದಕ್ಕೊಂದು ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿರುವ ಫೈಬರುಗಳನ್ನು ಜೋಡಿ ಮಾಡಬೇಡಿ.

ನೀರಿನ ಸ್ನಿಗ್ಧತೆ 25 ಡಿಗ್ರಿಯಲ್ಲಿ 0.89, 35 ಡಿಗ್ರಿಯಲ್ಲಿ 0.72 ಮಿಲಿಪಾಸ್ಕಲ್-ಸೆಕೆಂಡ್. ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಬೆಳಿಗ್ಗೆ ನೇರ ಫೈಬರನ್ನೂ ಮಧ್ಯಾಹ್ನ ಸುರುಳಿಯನ್ನೂ ಪರೀಕ್ಷಿಸಿದವರಿಗೆ, ಬಿಸಿಲೊಂದೇ ಶೇ. 20ಕ್ಕೂ ಮಿಕ್ಕಿದ ‘ಸುಧಾರಣೆ’ಯನ್ನು ಕೊಟ್ಟುಬಿಡಬಲ್ಲದು. ಪ್ರತಿ ಅಳತೆಯ ಫ್ಲಕ್ಸನ್ನು ಆಗಿನ ಸ್ನಿಗ್ಧತೆಯಿಂದ ಗುಣಿಸಿ, 25 ಡಿಗ್ರಿಯ ಸ್ನಿಗ್ಧತೆಯಿಂದ ಭಾಗಿಸಿ ಬರೆದುಕೊಳ್ಳಿ. ಸಣ್ಣ ತೊಟ್ಟಿಯಲ್ಲಿ ನೀರು ಮತ್ತೆ ಮತ್ತೆ ಸುತ್ತುವಾಗ ಪಂಪಿನ ಶಾಖವೂ ಸೇರುತ್ತದೆಂಬುದು ನೆನಪಿರಲಿ.

ಹಂತ 7: ಕಲಕು ನೀರಿನ ಪ್ರಯೋಗ

ಮೊದಲ ಸಲ ಲೀಟರಿಗೆ 1 ಗ್ರಾಂ ಬೆಂಟೊನೈಟ್ (ಒಂದು ಬಗೆಯ ನುಣುಪಾದ ಜೇಡಿಮಣ್ಣು) ಅಥವಾ ತೊಳೆದ ಈಸ್ಟ್‌ನಂಥ, ಪುನಃ ಅದೇ ರೀತಿ ತಯಾರಿಸಬಹುದಾದ ಫೀಡ್ ಬಳಸಿ. ಎರೆಮಣ್ಣಿನ ನಿಲಂಬನ ಅಥವಾ ಮಳೆಗಾಲದ ಮಲಪ್ರಭೆಯ ಕೆಂಪು ನೀರು ಎರಡನೆಯ ಸುತ್ತಿಗಿರಲಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ನೀರೊದಗಿಸುವ ಸವದತ್ತಿಯ ರೇಣುಕಾಸಾಗರದಂಥ ಮೂಲದ ನೀರಿನ ಗುಣ ಋತುವಿನೊಂದಿಗೆ ಬದಲಾಗುತ್ತದೆ, ಇಂದಿನ ಫಲಿತಾಂಶವನ್ನು ಮುಂದಿನ ತಿಂಗಳು ಪರಿಶೀಲಿಸಲಾಗುವುದಿಲ್ಲ. ಎರೆಮಣ್ಣನ್ನು ನೀರಿನಲ್ಲಿ ಕಲಸಿ ಒಂದು ರಾತ್ರಿ ಬಿಟ್ಟು, ಮೇಲಿನ ಭಾಗವನ್ನಷ್ಟೇ ತೆಗೆದುಕೊಳ್ಳಿ; ಮರಳಿನ ಕಣ 0.8 ಮಿ.ಮೀ. ಬಾಯಿಯನ್ನು ಕಟ್ಟಿಬಿಡುತ್ತದೆ. ತೊಟ್ಟಿಯನ್ನು ಕಲಕುತ್ತಿರಿ, ತೂಗಿದ ಪರ್ಮಿಯೇಟನ್ನು ತೊಟ್ಟಿಗೇ ಹಿಂತಿರುಗಿಸಿ, ಇಲ್ಲದಿದ್ದರೆ ಸಾಂದ್ರತೆ ಏರುತ್ತಾ ಹೋಗುತ್ತದೆ.

ಆರಂಭದ ಕ್ರಮ ಹೀಗಿರಲಿ. ಪರ್ಮಿಯೇಟ್ ಕವಾಟ ಮುಚ್ಚಿರಬೇಕು, ಹೊರಬಾಯಿಯ ಕವಾಟ ಪೂರ್ತಿ ತೆರೆದಿರಬೇಕು. ಪಂಪು ಚಾಲೂ ಮಾಡಿ, ಗಾಳಿ ಹೊರಹೋಗಲು ಬಿಟ್ಟು, ಹರಿವನ್ನು ನಿಮಿಷಕ್ಕೆ 30 ಮಿ.ಲೀ.ಗೆ ತನ್ನಿ. ನಂತರ ಪರ್ಮಿಯೇಟ್ ತೆರೆದು, ಕೊನೆಯಲ್ಲಿ ಹೊರಬಾಯಿಯ ಕವಾಟವನ್ನು ನಿಧಾನವಾಗಿ ತಿರುಗಿಸಿ ಟಿಎಂಪಿ ಏರಿಸಿ. ಪರ್ಮಿಯೇಟ್ ತೆರೆದಿಟ್ಟು ಪಂಪು ಹಾಕಿದರೆ, ಸುಳಿ ಹುಟ್ಟುವ ಮೊದಲೇ ಕಣಗಳು ಪೊರೆಗೆ ಅಮುಕಿಕೊಳ್ಳುತ್ತವೆ. ಆಮೇಲೆ ಬಂದ ಸುಳಿ ಆ ಮೊದಲ ಪದರವನ್ನು ಎತ್ತುವುದಿಲ್ಲ. ನಿಲ್ಲಿಸುವಾಗಲೂ ಮೊದಲು ಪರ್ಮಿಯೇಟ್ ಮುಚ್ಚಬೇಕು. ನಡುವೆ ಕರೆಂಟ್ ಹೋದರೆ ಆ ಓಟವನ್ನು ಬಿಟ್ಟು, ತೊಳೆದು ಹೊಸದಾಗಿ ಆರಂಭಿಸಿ.

ಟಿಎಂಪಿಯನ್ನು 0.2 ಬಾರ್‌ನಿಂದ ಆರಂಭಿಸಿ 0.1 ಬಾರ್‌ನಂತೆ ಏರಿಸುತ್ತ, ಪ್ರತಿ ಮಟ್ಟದಲ್ಲೂ ಫ್ಲಕ್ಸ್ ಸ್ಥಿರವಾಗುವವರೆಗೆ ಕಾಯಿರಿ. ಸುರುಳಿಯ ಒಳಬಾಯಿ-ಹೊರಬಾಯಿ ನಡುವೆಯೇ 0.36 ಬಾರ್ ಹೋಗುವುದರಿಂದ ಸರಾಸರಿ 0.2 ಬಾರ್ ಅದಕ್ಕೆ ಕೆಳಮಿತಿ. ಕಡಿಮೆ ಒತ್ತಡದಲ್ಲಿ ಎರಡೂ ಫೈಬರುಗಳು ಒಂದೇ ರೇಖೆಯ ಮೇಲೆ ಸಾಗುತ್ತವೆ. ಅಲ್ಲಿ ವ್ಯತ್ಯಾಸ ಹುಡುಕುವುದು ವ್ಯರ್ಥ. ಒತ್ತಡ ಏರಿಸಿದರೂ ಫ್ಲಕ್ಸ್ ಏರದೆ ಸಮತಟ್ಟಾಗುವ ಘಟ್ಟ ನೇರ ಫೈಬರಿನಲ್ಲಿ ಮೊದಲು ಬರುತ್ತದೆ, ಸುರುಳಿಯಲ್ಲಿ ತಡವಾಗಿ, ಇನ್ನೂ ಮೇಲಿನ ಮಟ್ಟದಲ್ಲಿ ಬರುತ್ತದೆ. ದ್ವಿತೀಯಕ ಹರಿವಿನ ಲಾಭವೆಂದರೆ ಈ ಎರಡು ಸಮತಟ್ಟುಗಳ ನಡುವಿನ ಅಂತರ.

ಹಂತ 8: ನ್ಯಾಯವಾದ ಹೋಲಿಕೆ

ವರದಿಗಳು ಅತಿ ಹೆಚ್ಚು ಸೋಲುವುದು ಇಲ್ಲಿ. ಒಂದೇ ಹರಿವಿನಲ್ಲಿ ಸುರುಳಿ ಹೆಚ್ಚು ಫ್ಲಕ್ಸ್ ಕೊಟ್ಟಿತೆಂದು ಬರೆದು ಮುಗಿಸಿದರೆ, ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ: ಸುರುಳಿ ತಿಂದ ಹೆಚ್ಚುವರಿ ಶಕ್ತಿಯನ್ನು ನೇರ ಫೈಬರಿಗೇ ಕೊಟ್ಟಿದ್ದರೆ?

ಆದ್ದರಿಂದ ಮೂರು ಓಟಗಳು ಬೇಕು. ಸುರುಳಿ 30 ಮಿ.ಲೀ. ಹರಿವಿನಲ್ಲಿ, ನೇರ ಫೈಬರು 30 ಮಿ.ಲೀ. ಹರಿವಿನಲ್ಲಿ, ಹಾಗೂ ನೇರ ಫೈಬರು ಸಮಾನ ಶಕ್ತಿಯಲ್ಲಿ. ಶಕ್ತಿಯೆಂದರೆ ಹರಿವು ಮತ್ತು ಒತ್ತಡನಷ್ಟದ ಗುಣಲಬ್ಧ. ನೇರ ಪದರಹರಿವಿನಲ್ಲಿ ಅದು ಹರಿವಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 2.1ರ ವರ್ಗಮೂಲವಾದ ಸುಮಾರು 1.45 ಪಟ್ಟು, ಅಂದರೆ ನಿಮಿಷಕ್ಕೆ 43.5 ಮಿ.ಲೀ. ಹರಿಸಬೇಕು. ಸಾಂದ್ರತಾ ಪದರವೇ (ಪೊರೆಯ ಬಳಿ ಕಣಗಳು ದಟ್ಟೈಸಿದ ಪದರ) ಅಡ್ಡಿಯಾಗಿರುವ ನೇರ ಪದರಹರಿವಿನಲ್ಲಿ ಫ್ಲಕ್ಸ್ ವೇಗದ ಘನಮೂಲದಂತೆ ಏರುತ್ತದೆಂಬ ಅಂದಾಜಿನಲ್ಲಿ, ಇಷ್ಟರಿಂದಲೇ ಅದಕ್ಕೆ ಸುಮಾರು ಶೇ. 13 ಹೆಚ್ಚುವರಿ ಸಿಗುತ್ತದೆ. ದೊಡ್ಡ ಕಣಗಳ ಫೀಡಿನಲ್ಲಿ ಏರಿಕೆ ಇದಕ್ಕಿಂತ ಹೆಚ್ಚಿರಬಹುದಾದ್ದರಿಂದ ಲೆಕ್ಕದ ಮೇಲೆ ಭಾರ ಹಾಕದೆ ಮೂರನೆಯ ಓಟವನ್ನು ಓಡಿಸಿಯೇ ನೋಡಬೇಕು. ಅದನ್ನೂ ಸುರುಳಿ ಮೀರಿದರೆ ಮಾತ್ರ ಲಾಭ ನಿಜ.

ಸರಾಸರಿ ಟಿಎಂಪಿ ಮೂರರಲ್ಲೂ ಒಂದೇ ಇರಬೇಕು. 0.5 ಬಾರ್ ಸರಾಸರಿಗೆ ಸುರುಳಿಯ ಒಳಬಾಯಿಯಲ್ಲಿ 0.68, ಹೊರಬಾಯಿಯಲ್ಲಿ 0.32 ಬಾರ್, 30 ಮಿ.ಲೀ.ನ ನೇರ ಫೈಬರಿಗೆ ಸುಮಾರು 0.585 ಮತ್ತು 0.415. ಒಳಬಾಯಿಯ ಮಾಪಕವೊಂದನ್ನೇ ನೋಡಿ ಎರಡನ್ನೂ 0.6ಕ್ಕೆ ಇಟ್ಟರೆ ಸುರುಳಿಗೆ ಅನ್ಯಾಯವಾಗುತ್ತದೆ. ಓಟಗಳ ಅನುಕ್ರಮವನ್ನು ಪ್ರತಿ ಸಲವೂ ಅದಲುಬದಲು ಮಾಡಿ.

ಹಂತ 9: ತೊಳೆಯುವುದು ಮತ್ತು ಕೊಯ್ದು ನೋಡುವುದು

ನೀರಿನಿಂದ ತೊಳೆದು ಶುದ್ಧ ನೀರಿನ ಫ್ಲಕ್ಸ್ ಅಳೆದ ಮೇಲಷ್ಟೇ ರಾಸಾಯನಿಕ ಬಳಸಿ. ಹೈಪೋಕ್ಲೋರೈಟ್ ಅಥವಾ ಕಾಸ್ಟಿಕ್‌ನ ಪ್ರಮಾಣ ಪೊರೆಯ ತಯಾರಕರು ಕೊಟ್ಟ ಮಿತಿಯೊಳಗಿರಲಿ; ಸುಣ್ಣದಂಶಕ್ಕೆ ಸಿಟ್ರಿಕ್ ಆಮ್ಲ ಸಾಕು. ಆಮ್ಲವನ್ನೂ ಹೈಪೋಕ್ಲೋರೈಟನ್ನೂ ಎಂದೂ ಬೆರೆಸಬಾರದು, ಒಂದರ ಬೆನ್ನಿಗೆ ಇನ್ನೊಂದನ್ನು ನಡುವೆ ತೊಳೆಯದೆ ಹರಿಸಲೂಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಒಂದು ಸುರುಳಿಯನ್ನು ತೊಳೆಯದೆ ಇಟ್ಟುಕೊಂಡು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ತಪ್ಪಿಸಬೇಡಿ. ಸುಳಿ ಕೆಲಸ ಮಾಡಿದ್ದರೆ ಕೊಳೆ ಕಂಬಿಯ ಕಡೆಗಿನ ಒಳಗೋಡೆಯಲ್ಲಿ ದಪ್ಪವಾಗಿಯೂ ಹೊರಗೋಡೆಯಲ್ಲಿ ತೆಳುವಾಗಿಯೂ ಕಾಣುತ್ತದೆ. ಸುತ್ತಲೂ ಒಂದೇ ದಪ್ಪವಿದ್ದರೆ ಡೀನ್ ಸಂಖ್ಯೆ ಸಾಕಾಗಿಲ್ಲ, ಅಥವಾ ಆರಂಭದಲ್ಲೇ ಪದರ ಅಮುಕಿಕೊಂಡಿದೆ. ತಳಭಾಗದಲ್ಲಷ್ಟೇ ಕೊಳೆಯಿದ್ದರೆ ಕಣಗಳು ತೂಕದಿಂದ ಕೆಳಗೆ ಕೂತಿವೆ. ಫೀಡನ್ನು ಇನ್ನಷ್ಟು ಸೋಸಬೇಕು. ಒಳಗೋಡೆಯ ಪದರವೇ ಫ್ಲಕ್ಸನ್ನು ತಡೆಯುತ್ತಿದೆ ಎನಿಸಿದರೆ, ಕೆಲವು ಸುತ್ತುಗಳಿಗೊಮ್ಮೆ ಸುರುಳಿಯ ಅಕ್ಷವನ್ನು 90 ಡಿಗ್ರಿ ತಿರುಗಿಸಿ ಸುತ್ತಬಹುದು. ಆಗ ಸುಳಿಗಳ ಸ್ಥಾನ ಬದಲಾಗಿ ಅದೇ ಗೋಡೆ ಸದಾ ನೆರಳಿನಲ್ಲಿ ಉಳಿಯುವುದಿಲ್ಲ. ತಿರುವಿನಲ್ಲಿ ಫೈಬರು ಮಡಿಯುವ ಅಪಾಯ ಹೆಚ್ಚು. ಹಂತ 5ರ ಬಾಟಲಿ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು.

ಹಂತ 10: ಒಂದು ಫೈಬರಿನಿಂದ ಘಟಕಕ್ಕೆ

ಅನೇಕ ಸುರುಳಿಗಳನ್ನು ಸಮಾಂತರವಾಗಿ ಜೋಡಿಸುವಾಗ ಉದ್ದ, ಸುತ್ತುಗಳ ಸಂಖ್ಯೆ, ಕಂಬಿ ಮೂರೂ ಒಂದೇ ಇರಬೇಕು. ಒಂದರಲ್ಲಿ ಅಡ್ಡಿ ಹೆಚ್ಚಾದರೆ ಹರಿವು ಉಳಿದವುಗಳಿಗೆ ಸರಿದು, ಅದರಲ್ಲಿ ವೇಗವೂ ಸುಳಿಯೂ ಕುಗ್ಗಿ, ಕೊಳೆ ಇನ್ನಷ್ಟು ಕೂತು ಕೊನೆಗೆ ಪೂರ್ತಿ ಕಟ್ಟಿಕೊಳ್ಳುತ್ತದೆ. ಒಟ್ಟು ಪರ್ಮಿಯೇಟ್ ಸರಿಯಿದ್ದರೂ ಹೊರಬಾಯಿಗಳ ಹರಿವು ಒಂದಕ್ಕೊಂದು ವ್ಯತ್ಯಾಸವಾಗತೊಡಗುವುದೇ ಇದರ ಮೊದಲ ಸೂಚನೆ. ಹೊರಬಾಯಿಯ ನಳಿಕೆಗಳನ್ನು ಒಟ್ಟಿಗೆ ಸೇರಿಸುವ ಮುನ್ನ ಪ್ರತಿಯೊಂದಕ್ಕೂ ಮಾದರಿ ತೆಗೆಯುವ ಕವಾಟ ಇಟ್ಟುಕೊಂಡು ವಾರಕ್ಕೊಮ್ಮೆ ಅಳೆಯಿರಿ. ಹರಿವು ಕುಗ್ಗಿದ ಸುರುಳಿಯನ್ನು ಕಂಡ ದಿನವೇ ಬೇರ್ಪಡಿಸಿ ತೊಳೆಯಿರಿ. ತೊಳೆದ ಮೇಲೂ ಅದರ ಶುದ್ಧ ನೀರಿನ ಫ್ಲಕ್ಸ್ ಉಳಿದವುಗಳಿಗೆ ಸರಿಹೊಂದದಿದ್ದರೆ ಅದನ್ನು ಮರಳಿ ಸಾಲಿಗೆ ಸೇರಿಸಬಾರದು.